ಅಂಗಳದ ಕ್ರಿಸ್ಮಸ್ ಮರಕ್ಕೆ ಎಂತ ರೋಗ

ಜೂನ್ 9, 2025

ಹೊಸ ಪುಸ್ತಕ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಮೊದಲು ಬರೆದಿಡುತ್ತೇನೆ.

ಕಳೆದ ನವೆಂಬರಿನಲ್ಲಿ ನನ್ನ ಅಣ್ಣ ರೂಪೇಶ ಶಾರ್ಜಾದಲ್ಲಿ ತೀರಿಕೊಂಡ. ಎಸಿಯ ಹೊರಗಿನ ಯಂತ್ರವನ್ನು ಗೋಡೆಗೆ ಕೂರಿಸುವಾಗ ಏಣಿಯಿಂದ ಬಿದ್ದ. ಈ ವಾಕ್ಯ ಬರೆಯುವಾಗ ನನಗೆ ಏನೂ ಅನಿಸುವುದಿಲ್ಲ. ಅನಿಸಬೇಕಿತ್ತು ಎಂದು ಗೊತ್ತು. ಅಪ್ಪ ಪೇಪರು ಓದುತ್ತಾರೆ, ಮಡಚಿ ಇಡುತ್ತಾರೆ, ಪುನಃ ಅದನ್ನೇ ಓದುತ್ತಾರೆ. ಅಮ್ಮ ಅಂಗಳದ ಕ್ರಿಸ್ಮಸ್ ಮರವನ್ನು ನೋಡುತ್ತಾಳೆ.

ಇವತ್ತು ಆ ಮರದ ತುದಿ ತೋರಿಸಿದಳು. ಮೇಲಿನ ಎರಡು ಸುತ್ತು ಕೊಂಬೆಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿವೆ. ಕೆಳಗಿನದೆಲ್ಲ ಹಸಿರು. "ಬದುಕ್ತದಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಈ ಮರದ ಬಗ್ಗೆ ನನ್ನ ಅಭಿಪ್ರಾಯ ಮೊದಲಿನದ್ದೇ. ಎಲ್ಲಿಯದೋ ದ್ವೀಪದ ಮರ. ನಮ್ಮ ಹಕ್ಕಿ ಇದರಲ್ಲಿ ಗೂಡು ಕಟ್ಟುವುದನ್ನು ನಾನು ಕಂಡಿಲ್ಲ. ನೆರಳಿಲ್ಲ, ಹಣ್ಣಿಲ್ಲ. ಅಣ್ಣ ತನ್ನ ಮೊದಲ ರಜೆಯಲ್ಲಿ ವಾಮಂಜೂರಿನ ನರ್ಸರಿಯಿಂದ ಚಟ್ಟಿಯಲ್ಲಿ ತಂದು ನೆಟ್ಟದ್ದು. ಆ ಜಾಗದಲ್ಲಿ ಒಂದು ರೆಂಜೆ ಮರ, ನಮ್ಮ ಬಕುಳ, ಇದ್ದಿದ್ದರೆ ಇಷ್ಟರಲ್ಲಿ ಹೂ ಬಿಡುತ್ತಿತ್ತು. ಆದರೂ ರೋಗ ಎಂದರೆ ರೋಗ. ವಿಷ ಹಾಕದೆ ಗುಣ ಮಾಡಿ ತೋರಿಸುತ್ತೇನೆ.

ಜೂನ್ 12

ಮಂಚದ ಅಡಿಯ ಪೆಟ್ಟಿಗೆ ತೆಗೆದೆ. ಸಾವಯವ ಸಂತೆಗಳಲ್ಲಿ ಸಂಗ್ರಹಿಸಿದ ಕರಪತ್ರಗಳೆಲ್ಲ ಅದರಲ್ಲಿವೆ. ಕಾಲೇಜಿನ ಎದುರು ನಾನೇ ಹಂಚಿ ಉಳಿದವೂ ಇವೆ. ಅಡಿಯಲ್ಲಿ ಅಲಂಕಾರಕ್ಕೆ ಬೆಳೆಸುವ ಸೂಜಿ ಎಲೆಯ ಮರಗಳ ಮೇಲೆ ಒಂದು ಸಣ್ಣ ಕೈಹೊತ್ತಗೆ ಸಿಕ್ಕಿತು. ಯಾಕೆ ತೆಗೆದುಕೊಂಡಿದ್ದೆನೋ ನೆನಪಿಲ್ಲ.

ಅದರ ಸಾರ ಇಷ್ಟು. ಒಳಗಿನ ಹಳೆಯ ಸೂಜಿಗಳು ಹಳದಿಯಾಗಿ ಉದುರಿದರೆ ಹೆದರಬಾರದು, ಅದು ವಯಸ್ಸು. ಎಲೆಗಳ ಮೇಲೆ ಧೂಳು ಕೂತ ಹಾಗೆ ಮಂಕಾಗಿ, ನಡುವೆ ತೆಳ್ಳಗಿನ ಬಲೆ ಕಂಡರೆ ಜೇಡನುಸಿ. ಆಗ ಕೊಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಬೇಕು, ಬಿದ್ದ ಚುಕ್ಕಿಗಳು ನಡೆದರೆ ಅದೇ. ಹತ್ತಿ ಅಂಟಿದಂತೆ ಇದ್ದರೆ ಹಿಟ್ಟುತಿಗಣೆ, ಅದರ ಹಿಂದೆ ಇರುವೆ ಬರುತ್ತದೆ, ಆಮೇಲೆ ಕಪ್ಪು ಬೂಷ್ಟು. ಇಡೀ ಮರ ಒಟ್ಟಿಗೇ ಸೊರಗಿದರೆ ಬೇರು ಕೊಳೆತಿದೆ. ತುದಿ ಮಾತ್ರ ಒಣಗಿದರೆ, ಹಸಿರು ಮುಗಿದು ಕೆಂಪು ಶುರುವಾಗುವ ಜಾಗದಲ್ಲಿ ಕಾಂಡವನ್ನು ಹತ್ತಿರದಿಂದ ನೋಡಬೇಕು.

ಹತ್ತಿರದಿಂದ ನೋಡಲು ಏಣಿ ಬೇಕು. ಏಣಿ ಮನೆಯ ಹಿಂದೆ ಕವುಚಿ ಬಿದ್ದಿದೆ, ಅದರ ಮೇಲೆ ಬಳ್ಳಿ ಹಬ್ಬಿದೆ. ಅಣ್ಣ ಹೋದ ಮೇಲೆ ಈ ಮನೆಯಲ್ಲಿ ಯಾರೂ ಏಣಿ ಹತ್ತುವ ಹಾಗಿಲ್ಲ. ಅಮ್ಮ ಬಾಯಿ ಬಿಟ್ಟು ಹೇಳಿದ್ದು ಒಂದೇ ಸಲ. ಅಟ್ಟದ ಟ್ಯೂಬ್‌ಲೈಟು ಹೋಗಿ ಎಷ್ಟೋ ಸಮಯ ಆಯಿತು, ಹಾಗೇ ಇದೆ.

ಜೂನ್ 13

ಮಳೆ ಬಿಟ್ಟಾಗ ಕೈಗೆ ಸಿಗುವ ಕೊಂಬೆಗಳ ಕೆಳಗೆ ಕಾಗದ ಹಿಡಿದು ತಟ್ಟಿದೆ. ನೀರು, ಕಸ, ಒಂದು ಮರಿ ಜೇಡ. ಜೇಡ ಇದ್ದದ್ದು ಒಳ್ಳೆಯ ಲಕ್ಷಣ. ಹಿಟ್ಟುತಿಗಣೆ ಇಲ್ಲ. ಇರುವೆ ಇಲ್ಲ.

ಕಾಂಡಕ್ಕೆ ಸುತ್ತಿದ ಸೀರಿಯಲ್ ಬಲ್ಬಿನ ಮಾಲೆ ಹಾಗೇ ಉಂಟು. ಕಳೆದ ವರ್ಷ ಮೇ ತಿಂಗಳಲ್ಲಿ ಚಿಕ್ಕಪ್ಪನ ಮಗಳು ನಿರೀಕ್ಷಾಳ ಮದರಂಗಿ ನಮ್ಮ ಅಂಗಳದಲ್ಲಿ ಆದಾಗ ಅಣ್ಣ ಸುತ್ತಿದ್ದು. ಮದುವೆ ಕಳೆದು ತೆಗೆಯಲು ಹೊರಟಾಗ, ಬೇಡ, ವರ್ಷಾಂತ್ಯಕ್ಕೆ ಬರುತ್ತೇನೆ, ಆಗ ಬೇಕಾಗುತ್ತದೆ ಎಂದಿದ್ದ. ಈಗ ವರ್ಷಾಂತಿಕ ಕಳೆಯುವವರೆಗೆ ಮನೆಗೆ ದೀಪಾಲಂಕಾರ ಇಲ್ಲ. ಹಚ್ಚುವ ಹಾಗೂ ಇಲ್ಲ, ಬಿಚ್ಚಲು ಯಾರೂ ಮುಂದಾಗುವುದೂ ಇಲ್ಲ. ಪ್ಲಾಸ್ಟಿಕ್ಕು, ಅಷ್ಟೇ.

ಜೂನ್ 20

ಪಕ್ಕದ ಮನೆಯ ಡುಲ್ಸಿನ್ ಬಾಯಿ ಗೇಟಿನ ಬಳಿಯ ತೂಜಾ ಗಿಡಗಳ ಚಟ್ಟಿಗಳಿಗೆ ಪಂಪಿನಲ್ಲಿ ಏನೋ ಹೊಡೆಯುತ್ತಿದ್ದರು. ಗಾಳಿ ನಮ್ಮ ಕಡೆಗೆ. ಕಂಪೌಂಡಿನ ಬಳಿ ಹೋಗಿ, ನೀವು ಹೊಡೆಯುವ ವಿಷವೇ ನಮ್ಮ ಮರದ ತುದಿಗೆ ಬಂದು ಕೂತದ್ದು ಎಂದೆ. ಮಣ್ಣು, ಜೇನು, ಕಂಪನಿಗಳ ಲಾಭ, ಎಲ್ಲ ಹೇಳಿದೆ. ಅವರು ಪಂಪು ಕೆಳಗಿಟ್ಟು ಪೂರ್ತಿ ಕೇಳಿದರು.

"ಆಯ್ತಾ ಮೋಕ್ಷಾ? ಇನ್ನೂ ಉಂಟಾ?"

ಇನ್ನೂ ಉಂಟು ಎಂದೆ.

"ಹಾಗಾದ್ರೆ ಒಳಗೆ ಬಾ, ಕೂತು ಬೈಯಿ. ನನಗೆ ನಿಂತ್ರೆ ಕಾಲು ನೋವು ಮಾರಾಯ್ತಿ."

ಹೋಗಲಿಲ್ಲ. ಅವರು ಗುರುವಾರ ಬಿಕರ್ನಕಟ್ಟೆಯ ಇಗರ್ಜಿಗೆ ಹೋದಾಗ ಅಣ್ಣನ ಹೆಸರಿನಲ್ಲಿ ಕ್ಯಾಂಡಲ್ ಇಡುತ್ತಾರಂತೆ, ಅಮ್ಮ ಹೇಳಿದಳು. ಮೇಣ ಕರಗುತ್ತದೆ, ಅಷ್ಟೇ ಆಗುವುದು. ಇದನ್ನೂ ಅಮ್ಮನಿಗೆ ಹೇಳಿದೆ.

ಜೂನ್ 21

ಹುಳಿ ಮಜ್ಜಿಗೆ ಸೋಸಿ, ನೀರು ಸೇರಿಸಿ, ಕೈಗೆ ಎಟಕುವಷ್ಟು ಎತ್ತರಕ್ಕೆ ಹೊಡೆದೆ. ಬೂಷ್ಟು ಇದ್ದರೆ ಹೋಗಬೇಕು. ಮಧ್ಯಾಹ್ನ ಮಳೆ ಎಲ್ಲವನ್ನೂ ತೊಳೆಯಿತು.

ಜುಲೈ 2

ಬೇರು ಕೊಳೆ ಇರಬಹುದೆಂದು ಬುಡ ಕೆದಕಿದೆ. ಅಪ್ಪ ಹೋದ ವರ್ಷ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದರಿಂದ ನೀರು ಬುಡದಲ್ಲಿ ನಿಲ್ಲುತ್ತದೆ ಎಂದು ನನ್ನ ವಾದ. ಅಪ್ಪ ಜಗಲಿಯಿಂದ ನೋಡುತ್ತಿದ್ದರು. ಊರಿಗೆಲ್ಲ ಅಮ್ಮ ದೇಯಕ್ಕ, ಅವರು ಇನ್ನೂ ಕಂಡಕ್ಟರ್ ಮಾಯಿಲಪ್ಪಣ್ಣ. ಬಸ್ಸು ಬಿಟ್ಟು ವರ್ಷಗಳಾದರೂ ನಿಲ್ಲುವುದು ಕಾಲು ಅಗಲಿಸಿಯೇ. ನಾಲ್ಕು ಇಂಟರ್‌ಲಾಕ್ ಕಲ್ಲು ಕಿತ್ತರೂ ಏನೂ ಹೇಳಲಿಲ್ಲ. ಮೊದಲಾದರೆ ಹೇಳುತ್ತಿದ್ದರು.

ಬೇರು ಬೆಳ್ಳಗಿದೆ. ಗಟ್ಟಿ ಇದೆ. ಮೂಸಿದರೆ ಮಣ್ಣಿನ ವಾಸನೆ ಮಾತ್ರ. ಕೊಳೆತ ಬೇರಿನ ಸಿಪ್ಪೆ ಎಳೆದರೆ ಕಾಲುಚೀಲದ ಹಾಗೆ ಜಾರಿ ಬರುತ್ತದಂತೆ. ಇದು ಬರಲಿಲ್ಲ.

ಕಲ್ಲುಗಳನ್ನು ಅಪ್ಪನೇ ಪುನಃ ಕೂರಿಸಿದರು. ಮರದ ಸುತ್ತ ಸ್ವಲ್ಪ ಜಾಗ ಬಿಟ್ಟು.

ಜುಲೈ 11

ಮೂರನೇ ಸುತ್ತಿನ ಕೊಂಬೆಯ ತುದಿಗಳೂ ಕೆಂಪು.

ಜುಲೈ 24

ಆಟಿ ಅಮಾವಾಸ್ಯೆ. ಬೆಳಿಗ್ಗೆ ವಾಡಿಕೆಯ ಹಾಳೆ ಮರದ ಕಷಾಯ ಕುಡಿದದ್ದು. ಕಹಿ ಗೊತ್ತಾಗಲಿಲ್ಲ. ಅಮ್ಮ ಮೆಂತ್ಯದ ಗಂಜಿ ಕೊಟ್ಟಳು, ಅದರ ರುಚಿಯೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಕುಲೆಗಳಿಗೆ ಬಡಿಸುವುದಿತ್ತು. ತೀರಿಹೋದವರಿಗೆ ಆಟಿ ತಿಂಗಳಲ್ಲಿ ಎಲೆ ಹಾಕುವುದು ಪ್ರತಿ ವರ್ಷ ಇರುತ್ತದೆ. ಈ ಸಲ ಅಜ್ಜ ಅಜ್ಜಿಯ ಎಲೆಗಳ ಪಕ್ಕ ಇನ್ನೊಂದು ಎಲೆ. ಅಮ್ಮ ಕೋಳಿ ಸಾರು, ರೊಟ್ಟಿ ಬಡಿಸಿದಳು. ಅವನ ರೊಟ್ಟಿಗೆ ಸಾರು ಹಾಕಲಿಲ್ಲ, ಬದಿಯಲ್ಲಿ ಇಟ್ಟಳು. ಅವನಿಗೆ ರೊಟ್ಟಿ ಮೆತ್ತಗಾಗಬಾರದು. ಆಮೇಲೆ ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ನಿಂತೆವು. ಅವರು ಉಂಡು ಮುಗಿಸುವವರೆಗೆ ಒಳಗೆ ಹೋಗಬಾರದು. ಇದನ್ನು ನಾನು ನಂಬುವುದಿಲ್ಲ. ಆದರೂ ನಿಂತೆ.

ಜಗಲಿಯಲ್ಲಿ ನಿಂತರೆ ಕಾಣುವುದು ಆ ಮರವೇ. ಅಮ್ಮ ಅದನ್ನೇ ನೋಡುತ್ತಾ ಕೇಳಿದಳು. "ಅವನಿಗೆ ನೋವು ಗೊತ್ತಾಗ್ಲಿಕ್ಕಿಲ್ಲ ಅಲ್ವಾ?"

ಡಿಸೆಂಬರಿನಲ್ಲೂ ಕೇಳಿದ್ದಳು. ಆಸ್ಪತ್ರೆಗೆ ಹೋಗುವವರೆಗೆ ಪ್ರಜ್ಞೆ ಇತ್ತು ಎಂದು ರಿಪೋರ್ಟಿನಲ್ಲಿ ಬರೆದಿದ್ದಾರೆ ಎಂದು ಆಗ ಹೇಳಿದ್ದೆ. ಇವತ್ತೂ ಅದನ್ನೇ ಹೇಳಿದೆ. ಅಪ್ಪ ನನ್ನ ಕಡೆ ಒಮ್ಮೆ ನೋಡಿ ಅಂಗಳಕ್ಕೆ ಇಳಿದರು, ಸಣ್ಣ ಮಳೆಯಲ್ಲೇ.

ಸಮಾಧಾನಕ್ಕೆ ಹೇಳುವ ಸುಳ್ಳು ಕೀಟನಾಶಕದ ಹಾಗೆ, ಮೇಲೆ ಹಸಿರು ಕಾಣಿಸುತ್ತದೆ, ಕೆಳಗೆ ಮಣ್ಣು ಸಾಯುತ್ತದೆ. ಕಾಲೇಜಿನ ಭಾಷಣದಲ್ಲಿ ಹೀಗೆ ಹೇಳಿದಾಗ ಚಪ್ಪಾಳೆ ಬಿದ್ದಿತ್ತು.

ಆಗಸ್ಟ್ 6

ವಾಮಂಜೂರಿಗೆ ಹೋದೆ. ನರ್ಸರಿಯ ಮೋಹನದಾಸರಿಗೆ ಮೊಬೈಲಿನಲ್ಲಿ ತೆಗೆದ ಫೋಟೊ ತೋರಿಸಿದೆ. ಕೆಳಗಿನಿಂದ ತೆಗೆದದ್ದು, ತುದಿ ಕಪ್ಪಾಗಿ ಕಾಣುತ್ತಿತ್ತು. ಕಾಂಡ ಕೊರಕ ಇರಬೇಕು ಎಂದು ಬಾಟ್ಲಿ ತೆಗೆದರು. ನಾನು ವಿಷ ಒಯ್ಯುವುದಿಲ್ಲ ಎಂದೆ. ಕೊರಕ ಆದರೆ ತೂತು ಇರಬೇಕಲ್ಲ, ಮರದ ಹುಡಿ ಬಿದ್ದಿರಬೇಕಲ್ಲ ಎಂದೂ ಕೇಳಿದೆ. ಬಾಟ್ಲಿಯನ್ನು ಪುನಃ ಕಪಾಟಿನಲ್ಲಿ ಇಟ್ಟು, ಹಾಗಾದರೆ ನೀವೇ ಡಾಕ್ಟರು ಎಂದರು. ಕೋಪ ಇರಲಿಲ್ಲ, ಗಿರಾಕಿಗಳು ಕಾಯುತ್ತಿದ್ದರು.

ಹೊರಡುವಾಗ ಕೇಳಿದರು, ರೂಪೇಶ್ ಈಗ ಎಲ್ಲಿ, ರಜೆ ಇಲ್ಲವಾ ಎಂದು. ಇಲ್ಲ ಎಂದೆ. ಅದು ಸುಳ್ಳಲ್ಲ.

ಬಸ್ಸಿನಲ್ಲಿ ಇಳಿಯುವ ಸ್ಟಾಪು ತಪ್ಪಿತು.

ಆಗಸ್ಟ್ 30

ಚೌತಿ ಕಳೆಯಿತು. ನಮಗೆ ಇಲ್ಲ.

ಅಪ್ಪ ಇವತ್ತು ಊಟದ ಹೊತ್ತಿಗೆ ಹೇಳಿದರು, ಮರ ಕಡಿಸುವುದು ಎಂದು. ಒಣಗಿದ ತುದಿ ಗಾಳಿಗೆ ಮುರಿದು ಕರೆಂಟಿನ ಲೈನಿನ ಮೇಲೆ ಬಿದ್ದರೆ ಇಡೀ ಓಣಿಗೆ ತೊಂದರೆ. ಮರ ಕಡಿಯುವ ನೋಣಯ್ಯನಿಗೆ ಹೇಳಿಟ್ಟಿದ್ದಾರೆ, ಎರಡು ವಾರ ಬಿಟ್ಟು ಭಾನುವಾರ ಬರುತ್ತಾನೆ. ಅಮ್ಮ ಕೈ ತೊಳೆದು ಎದ್ದಳು. ಬಟ್ಟಲಲ್ಲಿ ಅನ್ನ ಹಾಗೇ ಇತ್ತು.

ನಾನು ಎಷ್ಟೋ ಸಲ ಹೇಳಿದ್ದು ಇದನ್ನೇ, ಆ ಮರ ಕಡಿದು ರೆಂಜೆ ನೆಡುವ ಎಂದು. ಈಗ ಅಪ್ಪನೇ ಹೇಳುತ್ತಿದ್ದಾರೆ. ಆಯಿತು ಎನ್ನಲು ಬಾಯಿ ಬರಲಿಲ್ಲ. ಯಾಕೆಂದು ಗೊತ್ತಿಲ್ಲ. ಬಹುಶಃ ಸರಿಯಾದ ಕಾರಣಕ್ಕೆ ಕಡಿಯುತ್ತಿಲ್ಲ ಎಂದು ಇರಬೇಕು.

ಸೆಪ್ಟೆಂಬರ್ 1

ಅಮ್ಮ ಊಟ ಮಾಡಲಿಲ್ಲ.

ಸೆಪ್ಟೆಂಬರ್ 2

ಚಾ ಕುಡಿದಳು. ಮರದ ಬುಡದಲ್ಲಿ ಸ್ಟೂಲು ಹಾಕಿ ಕೂತಿದ್ದಳು. ಮಳೆ ಬಂದಾಗ ಕೊಡೆ ಒಯ್ದು ಕೊಟ್ಟೆ. ಸ್ವಲ್ಪ ಹೊತ್ತು ನಾನೂ ಕೂತೆ.

ಸೆಪ್ಟೆಂಬರ್ 9

ಡುಲ್ಸಿನ್ ಬಾಯಿ ಕಂಪೌಂಡಿನ ಆಚೆಯಿಂದ ಕರೆದರು. ಮಳೆ ಜೋರಾದ ಮೇಲೆ ಪೋರ್ಟಿಕೋದ ಮಾಡಿನ ಕೆಳಗೆ ತಂದಿಟ್ಟ ತೂಜಾ ಎಲ್ಲ ಬೂದಿ ಬಣ್ಣವಾಗಿದೆಯಂತೆ, ನೋಡಬೇಕಂತೆ. ಜೂನಿನಲ್ಲಿ ಬೈದದ್ದಕ್ಕೆ ಅವರ ಮುಖದಲ್ಲಿ ಏನೂ ಕಾಣಲಿಲ್ಲ.

ಬಿಳಿ ಕಾಗದ ಹಿಡಿದು ತಟ್ಟಿದೆ. ಕೆಂಪು ಚುಕ್ಕಿಗಳು ಬಿದ್ದವು, ಸ್ವಲ್ಪ ಹೊತ್ತು ಸುಮ್ಮನಿದ್ದು ನಡೆಯತೊಡಗಿದವು. ಜೇಡನುಸಿ. ಮಳೆ ತಾಗದ ಒಣ ಜಾಗ, ಜೊತೆಗೆ ಇವರು ಹೊಡೆದ ವಿಷಕ್ಕೆ ನುಸಿ ತಿನ್ನುವ ಹುಳಗಳೂ ಸತ್ತಿರಬೇಕು. ಪುಸ್ತಕದಲ್ಲಿ ಇದ್ದ ಹಾಗೇ. ನಾನು ಹೇಳಿದ್ದು ಸರಿ ಆಯಿತು. ಖುಷಿ ಆಗಬೇಕಿತ್ತು. ಚಟ್ಟಿಗಳನ್ನು ಅಂಗಳಕ್ಕೆ ಇಳಿಸಿ, ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ಎಲೆಗಳ ಅಡಿ ತೊಳೆದು ಕೊಟ್ಟೆ. ನಾಳೆ ಹೊಂಗೆ ಎಣ್ಣೆಗೆ ಸೋಪು ಕಲಸಿ ಹೊಡೆಯಬೇಕು.

ಚಾ ಕುಡಿಯದೆ ಬಿಡಲಿಲ್ಲ. ಮಾಳಿಗೆಯ ಕೋಣೆಗೆ ಕರೆದುಕೊಂಡು ಹೋಗಿ ಎಸಿ ತೋರಿಸಿದರು. "ಇದು ರೂಪೇಶ್ ಫಿಟ್ ಮಾಡಿದ್ದು, ಗೊತ್ತುಂಟಾ? ನಿರೀಕ್ಷಾಳ ಮದುವೆಯ ಮರುದಿನ. ಹಣ ಕೊಡ್ಲಿಕ್ಕೆ ಹೋದ್ರೆ ಓಡಿದ." ಕಿಟಕಿಯ ಹೊರಗೆ ಪೈಪು ಗೋಡೆಗುಂಟ ಇಳಿದಿತ್ತು. ಕಪ್ಪು ಫೋಮಿನ ಮೇಲೆ ಗೇಣಿಗೊಂದು ಪ್ಲಾಸ್ಟಿಕ್ ಟೈ, ವಯರು ಬಿಗಿಯುವ ಪಟ್ಟಿ. "ನೋಡು, ಒಂದರ ಬಾಲ ಸಹ ಹೊರಗೆ ಇಲ್ಲ. ಬಟ್ಟೆ ಒಣಗಿಸುವಾಗ ನಿಮ್ಮ ಕೈಗೆ ಗೀರ್ತದೆ ಬಾಯಿ ಅಂತ ಹೇಳಿ ಅಷ್ಟನ್ನೂ ಬುಡಕ್ಕೇ ಕತ್ತರಿಸಿದ. ಇಕ್ಕಳದಲ್ಲಿ ಎಳೆದು, ಎಳೆದು, ಆಮೇಲೆ ಕಟ್."

ಬೆರಳಿಂದ ಮುಟ್ಟಿದೆ. ನುಣ್ಣಗಿತ್ತು. ಟೈ ಇದ್ದಲ್ಲೆಲ್ಲ ಫೋಮು ಒಳಗೆ ಹೋಗಿ ಸೊಂಟ ಕಟ್ಟಿದ ಹಾಗಿತ್ತು, ಮೇಲೆ ಕೆಳಗೆ ಉಬ್ಬಿಕೊಂಡಿತ್ತು.

ಆ ಕಿಟಕಿಯಿಂದ ನಮ್ಮ ಮರದ ತುದಿ ಕಣ್ಣಿನ ಎತ್ತರಕ್ಕೆ ಕಾಣುತ್ತದೆ. ನೋಡಿದೆ. ಕೆಳಗೆ ಕಾಂಡ ದಪ್ಪ, ಟೈ ಸಾಲದೆ ಅಲ್ಲಿ ಹಗ್ಗ ಕಟ್ಟಿದ್ದ. ಮೇಲೆ ಸಪೂರ ಇದ್ದಲ್ಲಿ ಬಲ್ಬಿನ ಮಾಲೆಯನ್ನು ಟೈ ಹಾಕಿ ಬಿಗಿದಿದ್ದಾನೆ, ಇದೇ ಕಪ್ಪು ಟೈ. ಆ ಜಾಗದ ಮೇಲೆ ಕಾಂಡ ಉಬ್ಬಿದೆ. ಉಬ್ಬಿನಿಂದ ಅಂಟು ಇಳಿದು ಬೆಳ್ಳಗೆ ಒಣಗಿದೆ. ಹಸಿರು ಅಲ್ಲಿ ಮುಗಿಯುತ್ತದೆ, ಕೆಂಪು ಅಲ್ಲೇ ಶುರುವಾಗುತ್ತದೆ.

ಚಾ ತಣ್ಣಗಾಯಿತು ಎಂದರು ಡುಲ್ಸಿನ್ ಬಾಯಿ. ಪುನಃ ಬಿಸಿ ಮಾಡಿ ತಂದರು.

ಸೆಪ್ಟೆಂಬರ್ 10

ಹೇಳಲಿಲ್ಲ.

ಇದರಲ್ಲಿ ಹೇಳದೆ ಇರುವಂಥದ್ದು ಏನೂ ಇಲ್ಲ. ರೋಗವಲ್ಲ, ಹುಳವಲ್ಲ. ಅವನು ಕಟ್ಟಿದ ಟೈ ಮರದ ಕುತ್ತಿಗೆ ಹಿಸುಕುತ್ತಿದೆ. ಅಷ್ಟೇ ವಾಕ್ಯ. ಮಧ್ಯಾಹ್ನ ಅಮ್ಮ ಮೀನು ಮಾಡುತ್ತಿದ್ದಳು, ಹೋಗಿ ನಿಂತೆ. ಎಂತ ಎಂದಳು. ಉಪ್ಪು ಎಲ್ಲಿ ಎಂದು ಕೇಳಿ ಬಂದೆ.

ಸೆಪ್ಟೆಂಬರ್ 11

ಹೇಳಲಿಲ್ಲ. ಡುಲ್ಸಿನ್ ಬಾಯಿಯ ತೂಜಾಕ್ಕೆ ಹೊಂಗೆ ಎಣ್ಣೆ ಹೊಡೆದೆ.

ಸೆಪ್ಟೆಂಬರ್ 12

ಭಾನುವಾರ ನೋಣಯ್ಯ ಬರುತ್ತಾನೆ. ಬಟ್ಟೆ ಮಡಚುವಾಗ ಅಮ್ಮನಿಗೆ ಹೇಳಿದೆ. ಎರಡು ದಿನ ಜೋಡಿಸಿದ ವಾಕ್ಯ ಬರಲಿಲ್ಲ, ಬೇರೆಯೇ ಬಂತು.

"ಮರಕ್ಕೆ ರೋಗ ಇಲ್ಲ ಅಮ್ಮ. ಅದು ದಪ್ಪ ಆಗಿದೆ. ಅಣ್ಣ ಕಟ್ಟುವಾಗ ಸಪೂರ ಇತ್ತು."

ಅಮ್ಮ ಕೈಯಲ್ಲಿದ್ದ ಲುಂಗಿಯನ್ನು ಮಡಚಿ, ಮಡಿಕೆಯ ಮೇಲೆ ಕೈ ಎಳೆದು, ಇಟ್ಟಳು. ಆಮೇಲೆ, "ಅವನು ಇದ್ದಿದ್ರೆ ಸಡಿಲ ಮಾಡ್ತಿದ್ದ" ಎಂದಳು.

ಹೌದು ಎಂದೆ.

ಸಂಜೆ ಮನೆಯ ಹಿಂದೆ ಏನೋ ಎಳೆಯುವ ಸದ್ದಾಯಿತು. ಹೋಗಿ ನೋಡಿದರೆ ಅಮ್ಮ ಏಣಿಯ ಮೇಲಿನ ಬಳ್ಳಿಯನ್ನು ಕತ್ತಿಯಲ್ಲಿ ಕಡಿಯುತ್ತಿದ್ದಳು.

ಸೆಪ್ಟೆಂಬರ್ 13

ಬೆಳಿಗ್ಗೆ ಬಿಸಿಲು ಬಂತು. ಅಪ್ಪ ಏಣಿ ತೊಳೆದು, ಮೆಟ್ಟಿಲು ಒಂದೊಂದನ್ನೂ ಕಾಲಲ್ಲಿ ಒತ್ತಿ ನೋಡಿದರು. ತಾನೇ ಹತ್ತುತ್ತೇನೆ ಎಂದರು. ಮೊಣಕಾಲಿನ ಕಾರಣಕ್ಕೆ ಬಿಡಲಿಲ್ಲ. ಅಮ್ಮ ಬಂದು ಏಣಿಯ ಎರಡೂ ಕಾಲುಗಳನ್ನು ಹಿಡಿದಳು. ಅಷ್ಟು ಬಿಗಿಯಾಗಿ ಹಿಡಿದಿದ್ದಳು, ಏಣಿ ನಡುಗುತ್ತಿತ್ತು.

ಹತ್ತಿದೆ. ಟೈಗಳನ್ನು ಹತ್ತಿರದಿಂದ ನೋಡಿದೆ. ಎಲ್ಲದರ ಬಾಲವೂ ಬುಡಕ್ಕೆ ಕತ್ತರಿಸಿದ್ದು. ಈ ಮರದ ತುದಿಯಲ್ಲಿ ಯಾರ ಕೈ ಗೀರುತ್ತಿತ್ತೋ. ಇಕ್ಕಳದ ಬಾಯಿ ಟೈಗೆ ಇಟ್ಟಾಗ ಕೆಳಗಿನಿಂದ ಅಮ್ಮ ಕರೆದಳು.

"ಕತ್ತರಿಸುವ ಮೊದಲು ಒಮ್ಮೆ ಹಾಕಿ ನೋಡುವನಾ? ಬಲ್ಬು."

ವರ್ಷ ಆಗಲಿಲ್ಲ ಎಂದು ಅಪ್ಪ ನೆನಪಿಸಿದರು.

"ಹಗಲಲ್ವಾ" ಎಂದಳು ಅಮ್ಮ. "ಹಗಲು ಹಾಕಿದ್ರೆ ಯಾರಿಗೆ ಕಾಣ್ತದೆ?"

ಅಪ್ಪ ಒಳಗೆ ಹೋದರು. ಕಿಟಕಿಯಿಂದ ವಯರಿನ ತುದಿ ಎಳೆದುಕೊಂಡರು. ಸ್ವಿಚ್ಚಿನ ಸದ್ದು ನನಗೆ ಮೇಲಕ್ಕೂ ಕೇಳಿಸಿತು. ಅಮ್ಮ ತಲೆ ಎತ್ತಿದಳು, ಬಿಸಿಲು ಅವಳ ಕಣ್ಣಿಗೆ ನೇರ ಬೀಳುತ್ತಿತ್ತು. ಕೈ ಅಡ್ಡ ಇಡಬೇಕಿತ್ತು, ಏಣಿ ಬಿಡಲಿಲ್ಲ.

"ಹೊತ್ತಿತಾ ಮಗಾ?"

ನನ್ನ ಮುಖದ ಹತ್ತಿರವೇ ಒಂದು ಬಲ್ಬು ಇತ್ತು. ಅಂಗೈಯಲ್ಲಿ ಮುಚ್ಚಿ, ಕತ್ತಲೆ ಮಾಡಿ, ಒಳಗೆ ನೋಡಿದೆ. ಅದರ ಆಚೆಯದನ್ನೂ ನೋಡಿದೆ. ಒಳಗೆ ಮಳೆನೀರು ಹೋಗಿ ತುಕ್ಕು ಹಿಡಿದಿತ್ತು. ಒಂದೂ ಹೊತ್ತಿರಲಿಲ್ಲ.

"ಹೊತ್ತಿದೆ" ಎಂದೆ.

ಅಪ್ಪ ಸ್ವಿಚ್ ಆಫ್ ಮಾಡಿದರು. "ಇನ್ನು ಕತ್ತರಿಸು" ಎಂದಳು ಅಮ್ಮ.

ಕತ್ತರಿಸಿದೆ. ಟೈಗಳು ಸಟ್ಟೆಂದು ಬಿಚ್ಚಿಕೊಂಡು ಕೆಳಗೆ ಬಿದ್ದವು. ಒಂದು ಮಾತ್ರ ಆಗಲಿಲ್ಲ, ತೊಗಟೆ ಅದರ ಮೇಲೆ ಬೆಳೆದು ಒಳಗೆ ಎಳೆದುಕೊಂಡಿದೆ. ಕೆದಕಿದರೆ ಗಾಯ ದೊಡ್ಡದಾಗುತ್ತದೆ. ಸಿಕ್ಕಿದ ಎರಡು ಕಡೆ ತುಂಡು ಮಾಡಿ ಉಳಿದದ್ದನ್ನು ಮರಕ್ಕೇ ಬಿಟ್ಟೆ. ಕೆಂಪಾದ ತುದಿ ಇನ್ನು ಹಸಿರಾಗುವುದಿಲ್ಲ, ಅದನ್ನು ಕೈಗರಗಸದಲ್ಲಿ ತೆಗೆದೆ. ತುದಿ ಹೋದ ಈ ಮರ ಮತ್ತೆ ನೇರ ಬೆಳೆಯುವುದಿಲ್ಲ, ಬದಿಯಿಂದ ಎರಡೋ ಮೂರೋ ತಲೆ ಬರುತ್ತದೆ. ಬಂದರೆ.

ಇಳಿದಾಗ ನನ್ನ ಕಾಲು ನೆಲಕ್ಕೆ ತಾಗಿದ ಮೇಲೆಯೇ ಅಮ್ಮ ಏಣಿ ಬಿಟ್ಟದ್ದು. ಅವಳ ಅಂಗೈಯಲ್ಲಿ ಏಣಿಯ ಗೆರೆ ಬಿದ್ದಿತ್ತು. ಅದನ್ನು ತಿಕ್ಕಿದೆ. ಆಗ ನನಗೆ ಕಣ್ಣಲ್ಲಿ ನೀರು ಬಂತು. ಮರದ ಹುಡಿ ಬಿದ್ದಿರಬೇಕು.

ಅಪ್ಪ ನೋಣಯ್ಯನಿಗೆ ಫೋನು ಮಾಡಿ ನಾಳೆ ಬರುವುದು ಬೇಡ ಎಂದರು.

ಮಧ್ಯಾಹ್ನದ ಮೇಲೆ ನಾನು ಅಂಗಳದಲ್ಲಿ ಕೆಂಪು ಸೂಜಿಗಳನ್ನು ಗುಡಿಸುತ್ತಿದ್ದೆ. ಕಂಪೌಂಡಿನ ಬಳಿ ಅಮ್ಮ ಡುಲ್ಸಿನ್ ಬಾಯಿಯೊಡನೆ ಮಾತಾಡುತ್ತಿದ್ದಳು. ಅವಳ ಸ್ವರ ಇಷ್ಟು ದೂರ ಕೇಳಿಸಿ ಎಷ್ಟೋ ಸಮಯ ಆಗಿತ್ತು. ಎರಡು ಮಳೆಗಾಲ ನೆನೆದರೂ ಒಂದು ಬಲ್ಬೂ ಹೋಗಿಲ್ಲ, ಅವನು ಕಟ್ಟಿದ್ದು ಹಾಗೆ ಎನ್ನುತ್ತಿದ್ದಳು.

ಡುಲ್ಸಿನ್ ಬಾಯಿ ಅವಳ ಹೆಗಲ ಮೇಲಿಂದ ನನ್ನನ್ನು ನೋಡಿದರು. ಅವರ ಮಾಳಿಗೆಯ ಕಿಟಕಿ ತೆರೆದಿತ್ತು. ಬೆಳಿಗ್ಗೆ ಅಲ್ಲಿ ಯಾರಾದರೂ ನಿಂತಿದ್ದರೆ ಆ ಬಲ್ಬುಗಳು ಅವರ ಕಣ್ಣೆದುರಿಗೇ ಇದ್ದವು.

"ಹೌದಾ ಮೋಕ್ಷಾ?" ಎಂದರು.

ಗುಡಿಸುವುದನ್ನು ನಿಲ್ಲಿಸಿದೆ. ಕೆಂಪು, ಹಸಿರು, ನೀಲಿ, ಎಲ್ಲವೂ ಹೊತ್ತಿತು ಎಂದೆ.

"ನನಗೂ ಕಂಡಿತು ದೇಯಕ್ಕ" ಎಂದರು ಡುಲ್ಸಿನ್ ಬಾಯಿ.